ಮೊಚಿಜುಕಿ ಸಾನ್ ‘ಆಗಲ್ಲ’ ಎಂದ ದಿನ

2023ರಲ್ಲಿ ನಾನು ಜಪಾನಿನ ಹಮಾಮತ್ಸುವಿನ ಒಂದು ಬೈಕ್ ಬಿಡಿಭಾಗ ಕಂಪನಿಯಲ್ಲಿ ಪರ್ಚೇಸ್ ಮ್ಯಾನೇಜರ್ ಆಗಿದ್ದೆ. ಸರಕು ಪೂರೈಸುವವರೊಡನೆ ಚೌಕಾಸಿ ಮಾಡುವುದೇ ನನ್ನ ಕೆಲಸ. ಆ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಲಿಲ್ಲ; ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹನ್ನೊಂದು ವರ್ಷ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನ ಹಿಂದೆ ನಿಂತು ಕಲಿತದ್ದು.

ಅಕ್ಟೋಬರಿನ ಒಂದು ಶುಕ್ರವಾರ, ಲೋಹದ ಅಚ್ಚು ಮಾಡಿಕೊಡುವ ಸಣ್ಣ ಕಾರ್ಖಾನೆಯ ಮಾಲೀಕ ಮೊಚಿಜುಕಿ ಸಾನ್ (ಅಲ್ಲಿನ ‘ಸಾನ್’ ನಮ್ಮ ‘ಅವರು’ ಇದ್ದಂತೆ) ಅವರಿಂದ ಹತ್ತು ವಾರದ ಡೆಲಿವರಿಯನ್ನು ಏಳು ವಾರಕ್ಕೆ ಇಳಿಸಿಕೊಂಡೆ. ಭಾನುವಾರ ಅವರು ನನ್ನನ್ನೂ, ನಮ್ಮ ಕ್ವಾಲಿಟಿ ಇಂಜಿನಿಯರ್ ಶ್ರುತಿಯವರನ್ನೂ ಓಶಿಮಾ ದ್ವೀಪಕ್ಕೆ ಕರೆದೊಯ್ದರು. ಅಲ್ಲಿ ಜ್ವಾಲಾಮುಖಿ ಉಗುಳಿದ ಕಪ್ಪು ಮರಳಿನ ಬಯಲಿದೆ, ಹುಲ್ಲೂ ಅಪರೂಪ. ಅದನ್ನು ಮರುಭೂಮಿಯೆಂದೇ ಕರೆಯುತ್ತಾರೆ. ಅದರ ಅಂಚಿನಲ್ಲಿದ್ದ ತಲೆ ಚಪ್ಪಟೆಯಾದ ಕಲ್ಲುಗುಡ್ಡವನ್ನು ಕೈಕಾಲು ಊರಿ ಏರತೊಡಗಿದೆವು.

ಅರ್ಧ ಏರುವಷ್ಟರಲ್ಲಿ ಕಡಲಿನಿಂದ ಮಂಜು ಎದ್ದಿತು. ಮೊಚಿಜುಕಿ ಸಾನ್ ಆಕಾಶ ನೋಡಿ, ಇಳಿಯೋಣವೇ ಎಂದು ಕೇಳಿದರು. ಜಪಾನಿ ಬಲ್ಲ ಶ್ರುತಿಯೇ ನಮ್ಮ ದುಭಾಷಿ.

“ಇನ್ನೊಂದು ಹತ್ತು ನಿಮಿಷ ಕೇಳಿ,” ಎಂದೆ ಶ್ರುತಿಯವರಿಗೆ. ಮೊಚಿಜುಕಿ ಸಾನ್ ಕೊಟ್ಟರು. ಮತ್ತೆ ಹತ್ತು ಕೇಳಿದೆ. ಅದನ್ನೂ ಕೊಟ್ಟರು.

“ಸರ್, ಇದೇನ್ ಜೆ.ಸಿ. ರೋಡಾ?”

“ಕೇಳಿದ್ರೆ ತಾನೆ ಸಿಗೋದು, ಕಣಮ್ಮ.”

ಮೂರನೆಯ ಹತ್ತು ನಿಮಿಷ ಮುಗಿದದ್ದು ಚಾಪೆಯಷ್ಟು ಅಗಲದ ಒಂದು ಕಲ್ಲುಚಾಚಿನ ಮೇಲೆ. ಮೇಲಿನ ಬಂಡೆಯಲ್ಲಿ ಹಿಡಿತವಿಲ್ಲ. ಕೆಳಗೆ ಕಾಲಿಟ್ಟು ಬಂದ ಜಾಗಗಳನ್ನು ಮಂಜು ನುಂಗಿತ್ತು. ನನ್ನ ಬೂಟಿನಡಿಯಿಂದ ಜಾರಿದ ಕಲ್ಲು ತಳ ಮುಟ್ಟಿದ ಸದ್ದು ಬಹಳ ತಡವಾಗಿ ಕೇಳಿಸಿತು. ಫೋನಿಗೆ ಸಿಗ್ನಲ್ ಇಲ್ಲ.

“ಕೂತ್ಕೊಂಡೇ ಮೆಲ್ಲಗೆ ಇಳಿದುಬಿಡೋಣ. ಕೇಳಿ ಅವರನ್ನ.”

ಮೊಚಿಜುಕಿ ಸಾನ್ “ಹಾಯ್” ಎಂದರು, ಅಂದರೆ ಸರಿ. ಅಂಚಿನಲ್ಲಿ ಕೂತು ಒಂದು ಕಾಲನ್ನು ಮಂಜಿನೊಳಗೆ ಇಳಿಸಿದರು. ಆ ಕಾಲಿಗೆ ಊರಲು ಏನೂ ಸಿಗಲಿಲ್ಲ. ಶ್ರುತಿ ಅವರ ಬ್ಯಾಗಿನ ಪಟ್ಟಿ ಹಿಡಿದು ಎಳೆದರು.

“ಸರ್, ನೀವು ಕಸ್ಟಮರ್. ನೀವು ಹಾರಿ ಅಂದ್ರೂ ಇವ್ರು ಹಾಯ್ ಅಂತಾರೆ.”

ನಾನು ಮೊಚಿಜುಕಿ ಸಾನ್ ಅವರತ್ತ ತಿರುಗಿದೆ. “ನಾನು ಕಸ್ಟಮರ್ ಅಲ್ಲ ಅಂದ್ಕೊಂಡು ಹೇಳೋಕೆ ಹೇಳಿ. ಈಗ ಇಳೀಬಹುದಾ?”

ಅವರು ಕಾಲನ್ನು ಮೇಲಕ್ಕೆಳೆದುಕೊಂಡರು. ಆಮೇಲೆ ತಲೆ ಬಾಗಿಸದೆ ಎರಡೇ ಮಾತು ಆಡಿದರು.

“ಆಗಲ್ಲ ಅಂತಿದ್ದಾರೆ ಸರ್. ಕೂತ್ಕೊಳ್ಳಿ ಅಂತಿದ್ದಾರೆ.”

ಎರಡು ಗಂಟೆ ನಲವತ್ತು ನಿಮಿಷ ಬಂಡೆಗೆ ಬೆನ್ನು ಕೊಟ್ಟು ಕೂತೆವು. ಕಾಲು ಚಾಚುವಂತಿರಲಿಲ್ಲ. ಒಬ್ಬರು ಕೆಮ್ಮಿದರೆ ಮೂವರೂ ಅಲುಗುತ್ತಿದ್ದೆವು. ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಿಂದ ತಂದಿದ್ದ ಒಂದೇ ಅನ್ನದ ಉಂಡೆಯನ್ನು ಅವರು ಮೂರು ಪಾಲು ಮಾಡಿದರು.

“ಆ ಏಳು ವಾರ?” ಎಂದು ಶ್ರುತಿಯವರಿಂದ ಕೇಳಿಸಿದೆ.

“ಅದೂ ಆಗಲ್ಲ ಅಂತೆ. ಅವಸರದಲ್ಲಿ ಕಾಯಿಸಿದ್ರೆ ಅಚ್ಚು ಬಿರುಕು ಬಿಡುತ್ತಂತೆ. ಬೇರೆ ಏನಾದ್ರೂ ಇದ್ರೆ ಇವತ್ತೇ ಕೇಳ್ಬಿಡಿ ಸರ್, ಫಾರ್ಮ್‌ನಲ್ಲಿದ್ದಾರೆ.”

ಮಂಜು ಸರಿದ ಮೇಲೆ ನನ್ನ ಒಂದೊಂದು ಪಾದವನ್ನೂ ಮೊಚಿಜುಕಿ ಸಾನ್ ತಮ್ಮ ಕೈಯಿಂದಲೇ ಹಿಡಿದು ಸರಿಯಾದ ಕಲ್ಲಿನ ಮೇಲಿಟ್ಟು ಇಳಿಸಿದರು. ಸೋಮವಾರ ಆರ್ಡರಿನಲ್ಲಿ ನಾನೇ ಹತ್ತು ವಾರ ಎಂದು ತಿದ್ದಿದೆ. ಅಚ್ಚು ಹತ್ತನೆಯ ವಾರ ಬಂತು, ಬಿರುಕಿಲ್ಲದೆ.

ಚೌಕಾಸಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ; ನಾನೂ ಬಿಟ್ಟಿಲ್ಲ. ಆದರೆ ‘ಇಲ್ಲ’ ಎನ್ನಲಾರದವರು ಕೊಟ್ಟ ‘ಹೌದು’ ಸಡಿಲ ಕಲ್ಲಿದ್ದಂತೆ, ಅದರ ಮೇಲೆ ಭಾರ ಹಾಕಬೇಡಿ. ಯಾವುದು ಆಗುವುದಿಲ್ಲ ಎಂಬುದನ್ನು ಮೊದಲು ಕೇಳಿಕೊಳ್ಳಿ.

ಮೊಚಿಜುಕಿ ಸಾನ್ ಶ್ರುತಿಯವರಿಂದ ಒಂದು ಕನ್ನಡ ಪದ ಕಲಿತಿದ್ದಾರೆ. ಈಗ ನಾನು ಫೋನ್ ಮಾಡಿದರೆ, ವಿಷಯ ಹೇಳುವ ಮುಂಚೆಯೇ, “ಆಗಲ್ಲ” ಎನ್ನುತ್ತಾರೆ. ಆಮೇಲೆ ಮಾತು ಶುರುವಾಗುತ್ತದೆ.