ಎಂಬತ್ತೇಳನೆಯ ನಿಮಿಷಕ್ಕೆ ಎದ್ದವನು

ಯಾವ ಸಮಾರಂಭದ ವಂದನಾರ್ಪಣೆಯನ್ನೂ ನಾನು ಈವರೆಗೆ ಕೇಳಿದವನಲ್ಲ. ಅಧ್ಯಕ್ಷರು 'ಕೊನೆಯದಾಗಿ ಒಂದೆರಡು ಮಾತು' ಎಂದ ಕೂಡಲೇ ನನ್ನ ಬಲಗಾಲು ತಾನಾಗಿಯೇ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗುತ್ತದೆ. ಮದುವೆಯಲ್ಲಿ ವಧೂವರರ ತಲೆಯ ಮೇಲೆ ಅಕ್ಷತೆ ಬೀಳುವ ಹೊತ್ತಿಗೆ ನಾನು ಊಟದ ಪಂಕ್ತಿಯಲ್ಲಿರುತ್ತೇನೆ. ಊಟದಲ್ಲಿ ಮಜ್ಜಿಗೆ ಬರುವ ಹೊತ್ತಿಗೆ ಕೈತೊಳೆಯುವ ನಲ್ಲಿಯ ಬಳಿ. ಸಿನಿಮಾದಲ್ಲಿ ಕೊಲೆ ಮಾಡಿದವನು ಯಾರೆಂದು ನನಗೆ ಗೊತ್ತಾಗುವುದು ಮರುದಿನ ಆಫೀಸಿನಲ್ಲಿ, ಅದೂ ಯಾರಾದರೂ ದೊಡ್ಡ ಮನಸ್ಸು ಮಾಡಿ ಹೇಳಿದರೆ.

ತಪ್ಪು ನನ್ನದಲ್ಲ, ಲೋಕಲ್ ಗಾಡಿಯದು. ಭಾಂಡುಪಿನಿಂದ ಫೋರ್ಟಿನ ಆಫೀಸಿಗೆ ಇಪ್ಪತ್ತೇಳು ವರ್ಷ ಓಡಾಡಿದವನ ಮೈಗೆ ಕೆಲವು ಸಂಸ್ಕಾರಗಳು ಅಂಟಿಕೊಳ್ಳುತ್ತವೆ. ಮುಂಬಯಿಯಲ್ಲಿ ಇಳಿಯುವುದೆಂದರೆ ಸ್ಟೇಷನ್ ಬಂದಾಗ ಮಾಡುವ ಕೆಲಸವಲ್ಲ. ಭಾಂಡುಪಿನಲ್ಲಿ ಇಳಿಯುವವನು ವಿಕ್ರೋಲಿಯಲ್ಲೇ ಏಳಬೇಕು. ಕಾಂಜೂರ್‌ಮಾರ್ಗ ಬರುವಷ್ಟರಲ್ಲಿ ಬಾಗಿಲ ಹತ್ತಿರ ಸರಿದು, ಮುಂದಿನವನ ಹೆಗಲು ತಟ್ಟಿ, "ಭಾಂಡುಪ್ ಉತರೇಗಾ ಕ್ಯಾ?" ಎಂದು ವಿಚಾರಿಸಿ, ಅವನು ಇಳಿಯುವವನಲ್ಲದಿದ್ದರೆ ಜಾಗ ಅದಲುಬದಲು ಮಾಡಿಕೊಳ್ಳಬೇಕು. ಗಾಡಿ ನಿಂತ ಮೇಲೆ ಏಳುವವರು ಊರಿನಿಂದ ಬಂದ ನೆಂಟರು ಮಾತ್ರ. ಅವರನ್ನು ನಾವು ಮುಂದಿನ ಸ್ಟೇಷನ್ನಿನಿಂದ ವಾಪಸು ಕರೆತರುತ್ತೇವೆ.

ನನ್ನಂಥವರು ಹಿಂದಿನ ಕಾಲದಲ್ಲೂ ಇದ್ದಿರಬೇಕು. ಇಲ್ಲದಿದ್ದರೆ ಪುರಾಣ ಬರೆದವರು ಫಲಶ್ರುತಿಯನ್ನು ಕಟ್ಟಕಡೆಗೆ ಇಡುತ್ತಿರಲಿಲ್ಲ. ಇದನ್ನು ಕೇಳಿದವರಿಗೆ ಆಯುಷ್ಯ, ಆರೋಗ್ಯ, ಸಂತಾನ ಎಂದು ಮೊದಲ ಪುಟದಲ್ಲೇ ಹಂಚಿಬಿಟ್ಟಿದ್ದರೆ ಎರಡನೆಯ ಪುಟಕ್ಕೆ ಪುರಾಣಿಕರೂ ದೇವರೂ ಇಬ್ಬರೇ ಉಳಿಯುತ್ತಿದ್ದರು. ಪ್ರಸಾದವೂ ಕಥೆ ಮುಗಿದ ಮೇಲೇ. ನಮ್ಮ ಹಿರಿಯರಿಗೆ ಜನರ ಭಕ್ತಿಯ ಮೇಲೆ ಎಷ್ಟು ವಿಶ್ವಾಸವಿತ್ತು ಎಂಬುದಕ್ಕೆ ಇಷ್ಟು ಸಾಕು. ಆದರೆ ಫುಟ್‌ಬಾಲ್ ಕಂಡುಹಿಡಿದವರಿಗೆ ಇಂಥ ದೂರದೃಷ್ಟಿ ಇರಲಿಲ್ಲ. ಅಲ್ಲಿ ಗೋಲು ಯಾವಾಗ ಬೇಕಾದರೂ ಬೀಳುತ್ತದೆ, ಬೀಳದೆಯೂ ಇರುತ್ತದೆ.

ಇಷ್ಟು ಪೀಠಿಕೆ ಯಾಕೆಂದರೆ, ಈ ಚಟದಿಂದ ನಾನು ಒಂದು ಸಲ ನಿಜವಾಗಿ ಕಳೆದುಕೊಂಡಿದ್ದೇನೆ. ನನ್ನ ಮಗಳು ನೇಹಾ ಎಂಟನೆಯ ಇಯತ್ತೆಯಲ್ಲಿದ್ದಾಗ ಅವರ ಶಾಲೆಯ ತಂಡ ಫೈನಲ್ಲಿಗೆ ಬಂದಿತ್ತು. ನಾನು ಬೇಲಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಇನ್ನು ಐದು ನಿಮಿಷ ಇದ್ದಾಗ ಯಾರೂ ಗೋಲು ಹೊಡೆದಿರಲಿಲ್ಲ, ಹೊಡೆಯುವ ಲಕ್ಷಣವೂ ಕಾಣಲಿಲ್ಲ. ನಾನು ಸ್ಲೋ ಲೋಕಲ್ ಹಿಡಿಯಲು ಹೊರಟುಬಿಟ್ಟೆ. ಆ ಐದು ನಿಮಿಷದಲ್ಲಿ ನೇಹಾ ಗೋಲು ಹೊಡೆದಳು. ಹೊಡೆದು, ತಿರುಗಿ ಬೇಲಿಯ ಕಡೆ ನೋಡಿದಳಂತೆ. ಇದನ್ನು ಅವಳು ಒಂದೇ ಸಲ ಹೇಳಿದಳು, ಅಳಲೂ ಇಲ್ಲ. ಆಮೇಲೆ ಏಳು ವರ್ಷ ಅವಳು ನನ್ನನ್ನು ಯಾವ ಮ್ಯಾಚಿಗೂ ಕರೆಯಲಿಲ್ಲ. ನನಗೂ ಕೆಲಸ ಬಹಳ ಇರುತ್ತಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೀಗಿರುವಾಗ ದೇಶದ ತಂಡದ ದೊಡ್ಡ ಮ್ಯಾಚು ನಮ್ಮ ಮುಂಬಯಿಗೇ ಬಂತು. ಭಾನುವಾರ ಸಂಜೆ ಐದಕ್ಕೆ. ನೇಹಾಳ ಜೊತೆ ಹೋಗಬೇಕಿದ್ದ ಪವಾಯಿಯ ಗೆಳತಿಗೆ ಬೆಳಿಗ್ಗೆ ಜ್ವರ ಬಂತು. ಆ ಹುಡುಗಿ ಚೆನ್ನಾಗಿರಲಿ. ಉಳಿದ ಟಿಕೆಟ್ಟನ್ನು ಹಿಡಿದುಕೊಂಡು ನೇಹಾ ಬಾಗಿಲಲ್ಲಿ ನಿಂತಳು.

"ಪಪ್ಪಾ, ನೀ ಬರ್ತಿ? ಒಂದs ಕಂಡೀಷನ್. ಲಾಸ್ಟ್ ಸೀಟಿ ತನಕ ಕೂಡಬೇಕು. ಬೀಚ್ ಮೇ ಉಠನಾ ನಹೀ, ನಡುವ ಏಳಬಾರ್ದು."

"ಕೂಡ್ತೀನವಾ."

"ಬಪ್ಪಾ ಕೀ ಕಸಂ?"

"ಗಣಪ್ಪನಾಣಿ," ಎಂದೆ. ಏಳು ವರ್ಷದ ಮೇಲೆ ಸಿಕ್ಕ ಟಿಕೆಟ್ಟು. ಮೂವತ್ಮೂರು ಕೋಟಿ ದೇವರ ಮೇಲೂ ಆಣೆ ಇಡುವವನಿದ್ದೆ.

ನನ್ನ ಹೆಂಡತಿ ಸುಮಿತ್ರಾ ಧಾರವಾಡದವಳು. ನಮ್ಮ ಕಡೆ ಮನುಷ್ಯ ಹೊಸಲು ದಾಟಿದನೆಂದರೆ ಕೈಯಲ್ಲಿ ಬುತ್ತಿ ಇರಲೇಬೇಕು. ಭಾಂಡುಪಿನಿಂದ ಘಾಟ್ಕೋಪರಿಗೆ, ಅಲ್ಲಿಂದ ಮೆಟ್ರೋದಲ್ಲಿ ಸ್ಟೇಡಿಯಮ್ಮಿಗೆ ಹೋಗುವುದೂ ಅವಳ ಲೆಕ್ಕದಲ್ಲಿ ಪ್ರವಾಸವೇ. "ಅಲ್ಲಿ ಏನ್ ಸಿಗ್ತದೋ ಏನೋ, ತಗೊಂಡ ಹೋಗ್ರಿ," ಎಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬದನೆಕಾಯಿ ಕಟ್ಟಿಕೊಟ್ಟಳು. ಸ್ಟೇಡಿಯಮ್ಮಿನ ಗೇಟಿನಲ್ಲಿ ಕಾವಲಿನವನು ಬುತ್ತಿ ಬಿಚ್ಚಿದ. ನೀರಿನ ಬಾಟಲಿ, ಚಿಲ್ಲರೆ ನಾಣ್ಯ, ಬಾಚಣಿಗೆ ಇವನ್ನೆಲ್ಲ ಕಿತ್ತುಕೊಂಡು ಅಭ್ಯಾಸವಿದ್ದವನಿಗೆ ಜೋಳದ ಖಡಕ್ ರೊಟ್ಟಿ ಯಾವ ವರ್ಗದ ಆಯುಧ ಎಂದು ತಿಳಿಯಲಿಲ್ಲ. ಒಂದನ್ನು ಎತ್ತಿ ಬೆರಳಿನಿಂದ ಬಾರಿಸಿ ನೋಡಿದ. ಟಣ್ ಎಂದಿತು.

"ಕಾಕಾ, ಯೇ ಗ್ರೌಂಡ್ ಪೇ ಫೇಂಕಾ ತೋ?"

ಇದನ್ನು ಮೈದಾನಕ್ಕೆ ಎಸೆಯುವಷ್ಟು ಶ್ರೀಮಂತರು ನಾವಲ್ಲ ಎಂದು ವಿವರಿಸಿದೆ. ಅವನು ಒಪ್ಪಲಿಲ್ಲ. ಹೀಗಾಗಿ ರಾಷ್ಟ್ರದ ಭದ್ರತೆಗಾಗಿ ಅಪ್ಪ, ಮಗಳು ಗೇಟಿನ ಹೊರಗೆ ನಿಂತು ಎಂಟು ರೊಟ್ಟಿ ತಿಂದೆವು. ಒಂಬತ್ತನೆಯದನ್ನು ಕಾವಲಿನವನು ತಿಂದ, ಬಹುಶಃ ಪರೀಕ್ಷೆಗಾಗಿ. ಒಳಗೆ ಹೋದ ಮೇಲೆ ಅದೇ ಹಸಿವಿಗೆ ರಬ್ಬರಿನ ವಡಾಪಾವ್ ಮಾರುತ್ತಿದ್ದರು. ಅದನ್ನು ಮೈದಾನಕ್ಕೆ ಎಸೆಯುವ ಭಯ ಯಾರಿಗೂ ಇದ್ದಂತಿರಲಿಲ್ಲ.

ದೊಡ್ಡ ಮ್ಯಾಚಿನ ಅಭಿಮಾನಿಗಳನ್ನು ನೀವು ಹತ್ತಿರದಿಂದ ನೋಡಬೇಕು. ದೇಶದ ತಂಡವನ್ನು ಹುರಿದುಂಬಿಸಲು ಬಂದವರ ಮೈಮೇಲೆ ಇಂಗ್ಲೆಂಡು, ಸ್ಪೇನಿನ ಕ್ಲಬ್ಬುಗಳ ಅಂಗಿ. ನನ್ನ ಎಡಕ್ಕೆ ಕುಳಿತಿದ್ದ ಕುರುಚಲು ಗಡ್ಡದ ಯುವಕನಿಗೆ ಲಂಡನ್ನಿನ ಯಾವ ಆಟಗಾರನ ಯಾವ ಮೊಣಕಾಲು ನೋಯುತ್ತಿದೆ ಎಂಬುದು ಬಾಯಿಪಾಠವಾಗಿತ್ತು. ಅರ್ಧ ಆಟ ಮುಗಿದ ಮೇಲೆ ಅವನು ನೇಹಾಳ ಕಡೆ ಬಾಗಿ, ನಮ್ಮ ಗೋಲ್‌ಕೀಪರ್ ಯಾವ ಕಡೆ ನಿಂತಿದ್ದಾನೆ ಎಂದು ಕೇಳಿದ. ಮುಂದಿನ ಸಾಲಿನವರು ಮೈದಾನಕ್ಕೆ ಬೆನ್ನು ಹಾಕಿ ತಮ್ಮ ಫೋಟೋ ತೆಗೆದುಕೊಳ್ಳುತ್ತಿದ್ದರು. ಆಟಕ್ಕೆ ಬೆನ್ನು ಹಾಕಿದರೆ ತಾನೇ ಆಟಕ್ಕೆ ಬಂದದ್ದಕ್ಕೆ ಸಾಕ್ಷಿ. ಗಣ್ಯರ ಸೋಫಾಗಳು ಖಾಲಿ ಇದ್ದವು. ಗಣ್ಯರು ಹೇಗೂ ತಡವಾಗಿ ಬಂದು ಬೇಗ ಹೋಗುವವರು, ಅವರಿಗೂ ನನಗೂ ಅರ್ಧದಷ್ಟು ಹೋಲಿಕೆಯಿದೆ.

ಹಿಂದಿನ ಸಾಲಿನಲ್ಲಿ ಗ್ರಾಂಟ್ ರೋಡಿನ ಒಬ್ಬ ಹೋಟೆಲ್ ಮಾಲೀಕರಿದ್ದರು, ಉಡುಪಿ ಕಡೆಯವರು, ಅರುವತ್ತು ದಾಟಿದವರು. ನಾನೂ ನೇಹಾಳೂ ಮಾತಾಡುವುದನ್ನು ಕೇಳಿ ನಮ್ಮ ನಡುವೆ ತಲೆ ತೂರಿಸಿದರು. "ಧಾರವಾಡದವರಾ ನೀವು? ಒಳ್ಳೆದಾಯ್ತು ಮಾರಾಯ್ರೆ, ಬೈಲಿಕ್ಕೆ ಒಂದು ಜೊತೆ ಸಿಕ್ಕಿತು." ಪುಣ್ಯಾತ್ಮರು ಅವತ್ತು ರೆಫರಿಯ ವಂಶದ ಬಗ್ಗೆ ತುಳುವಿನಲ್ಲಿ ಏನೇನು ಹೇಳಿದರೋ, ನನಗೆ ತುಳು ಬಾರದೆ ಇದ್ದದ್ದು ಒಳ್ಳೆಯದಾಯಿತು. ಆಫ್‌ಸೈಡ್ ಎಂದರೇನೆಂದು ಇಪ್ಪತ್ತು ವರ್ಷದಿಂದ ನನಗೆ ಅರ್ಥವಾಗಿರಲಿಲ್ಲ. ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಎಲೆ ಹಾಕುವ ಮೊದಲೇ ಪಂಕ್ತಿಯಲ್ಲಿ ಹೋಗಿ ಕೂತ ಹಾಗೆ. ಬಡಿಸಿದರೂ ಅದು ಊಟ ಅಲ್ಲ." ನಾನು ಮದುವೆಗಳಲ್ಲಿ ಇಷ್ಟು ವರ್ಷ ಎಲ್ಲಿ ಕೂತಿದ್ದೆನೆಂದು ಆಗ ಗೊತ್ತಾಯಿತು.

ಆಟ ಚೆನ್ನಾಗಿತ್ತೇ ಎಂದು ಕೇಳಬೇಡಿ. ಎರಡೂ ಕಡೆಯವರು ಚೆಂಡನ್ನು ಬಹಳ ಗೌರವದಿಂದ ನಡೆಸಿಕೊಳ್ಳುತ್ತಿದ್ದರು. ಗೋಲಿನ ಹತ್ತಿರ ಬಂದಾಗ ಸಂಕೋಚಪಟ್ಟು ಪಕ್ಕಕ್ಕೆ ಕಳುಹಿಸುತ್ತಿದ್ದರು. ಆದರೆ ನಾನು ಕೂತಿದ್ದೆ. ಎಪ್ಪತ್ತನೆಯ ನಿಮಿಷದಲ್ಲಿ ಕೂತಿದ್ದೆ. ಎಂಬತ್ತರಲ್ಲೂ ಕೂತಿದ್ದೆ. ನೇಹಾ ಒಮ್ಮೆ ನನ್ನ ಕಡೆ ನೋಡಿ ನಕ್ಕಳು. ನಾನು ಕುರ್ಚಿಗೆ ಇನ್ನಷ್ಟು ಒರಗಿ ಕೂತೆ.

ಎಂಬತ್ತೈದಾಯಿತು. ನನ್ನ ತಲೆಯೊಳಗಿನ ಗಡಿಯಾರ ಬಡಿದುಕೊಳ್ಳತೊಡಗಿತು. ಇಷ್ಟು ಜನ ಒಟ್ಟಿಗೆ ಹೊರಬಿದ್ದರೆ ಮೆಟ್ರೋ ಸ್ಟೇಷನ್ನಿನಲ್ಲಿ ಸಾಲು ರಸ್ತೆಗೆ ಬರುತ್ತದೆ. ಘಾಟ್ಕೋಪರಿನಲ್ಲಿ ಸೇತುವೆ ಹತ್ತಲಾಗುವುದಿಲ್ಲ. ಮೇಲಾಗಿ ಭಾನುವಾರ, ಹಳಿ ರಿಪೇರಿಯ ಮೆಗಾಬ್ಲಾಕು. ಮಧ್ಯಾಹ್ನ ಮುಗಿದರೂ ಗಾಡಿಗಳು ಅದರ ಹೆಸರಿನಲ್ಲಿ ಸಂಜೆಯವರೆಗೆ ತಡವಾಗಿ ಓಡುತ್ತವೆ. ನಾನು ಮೇಲೇಳಬೇಕೆಂದು ತೀರ್ಮಾನಿಸಲಿಲ್ಲ. ನನ್ನ ಸೊಂಟ ತೀರ್ಮಾನಿಸಿತು. ಎಂಬತ್ತೇಳನೆಯ ನಿಮಿಷಕ್ಕೆ ನೋಡುತ್ತೇನೆ, ನಿಂತಿದ್ದೇನೆ.

"ಬಾತ್‌ರೂಮಿಗೆ ಹೋಗಿ ಬರ್ತೀನಿ," ಎಂದೆ. ನೇಹಾ ಮೈದಾನದಿಂದ ಕಣ್ಣು ತೆಗೆಯಲಿಲ್ಲ. ನಾನು ಹೋದದ್ದು ಬಾತ್‌ರೂಮಿಗಲ್ಲ. ಮೆಟ್ಟಿಲ ಬಾಗಿಲಲ್ಲಿ ಜಾಗ ಹಿಡಿದು ನಿಂತಿರುವುದು, ಸೀಟಿ ಊದಿದ ಕೂಡಲೇ ಅವಳಿಗೆ ಫೋನ್ ಮಾಡುವುದು, ಇದು ನನ್ನ ಯೋಜನೆ. ಆಣೆಯೂ ಉಳಿಯಬೇಕು, ಲೋಕಲ್ಲೂ ಸಿಗಬೇಕು ಎನ್ನುವ ಜಾಣತನ.

ಮೆಟ್ಟಿಲಲ್ಲಿ ಆಗಲೇ ಐವತ್ತು ಜನರಿದ್ದರು. ಎಲ್ಲರೂ ನನ್ನ ವಯಸ್ಸಿನವರು, ಎಲ್ಲರೂ ಬ್ಯಾಗನ್ನು ಎದೆಗೆ ಹಾಕಿಕೊಂಡವರು, ಎಲ್ಲರೂ ಹೊರಗಿನ ಕಡೆ ಮುಖ ಮಾಡಿದವರು. ಹಿಂದಿನಿಂದ ಯಾರೋ ನನ್ನ ಹೆಗಲು ತಟ್ಟಿ, "ಉತರೇಗಾ ಕ್ಯಾ?" ಎಂದ. ದೇವರಾಣೆ, ಹಾಗೇ ಕೇಳಿದ.

ಆಗ ಮೇಲಿನ ಛಾವಣಿ ನಡುಗಿತು. ಸಾವಿರಾರು ಕಾಲುಗಳು ಒಟ್ಟಿಗೆ ನೆಲ ಬಿಟ್ಟು ಮತ್ತೆ ನೆಲಕ್ಕೆ ಬಂದ ಸದ್ದು. ಸುಣ್ಣದ ಪುಡಿ ನಮ್ಮ ಬಕ್ಕ ತಲೆಗಳ ಮೇಲೆ ಅಕ್ಷತೆಯ ಹಾಗೆ ಉದುರಿತು. ಐವತ್ತೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಮುಖಗಳನ್ನು ಈಗಲೂ ಮರೆತಿಲ್ಲ, ಯಾಕೆಂದರೆ ಎಲ್ಲವೂ ನನ್ನದೇ ಮುಖಗಳಾಗಿದ್ದವು. ತಿರುಗಿ ಮೇಲಕ್ಕೆ ಓಡಿದೆವು. ಬಾಗಿಲಿಗೆ ಬಂದಾಗ ನಮಗೆ ಕಂಡದ್ದು ಕುಣಿಯುವ ಬೆನ್ನುಗಳು. ಆ ಬೆನ್ನುಗಳ ಸಂದಿಯಲ್ಲಿ ನೇಹಾ ಕಂಡಳು. ಹಿಂದಿನ ಸಾಲಿನ ಹೋಟೆಲಿನವರ ಎರಡೂ ಕೈ ಹಿಡಿದುಕೊಂಡು ಜಿಗಿಯುತ್ತಿದ್ದಳು. ಕುಣಿಯುತ್ತಲೇ ಒಮ್ಮೆ ತಿರುಗಿ ನನ್ನ ಕುರ್ಚಿಯ ಕಡೆ ನೋಡಿದಳು. ಅಲ್ಲಿ ನನ್ನ ಕರವಸ್ತ್ರ ಇತ್ತು. ಜಾಗ ಹಿಡಿಯಲು ಇಟ್ಟು ಹೋಗಿದ್ದೆ.

"ಎಲ್ಲಿ ಹೋದದ್ದು ಮಾರಾಯ್ರೆ? ಗೋಲು ಆಯ್ತಲ್ಲ!" ಎಂದರು ಹೋಟೆಲಿನವರು. ನೇಹಾ ಕರವಸ್ತ್ರ ಮಡಚಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮೆಟ್ರೋದಲ್ಲಿ ನೇಹಾ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಘಾಟ್ಕೋಪರಿನಲ್ಲಿ ಅವಳೇ ಒಂದು ನೀರಿನ ಬಾಟಲಿ ಕೊಂಡು, ಅರ್ಧ ಕುಡಿದು, ಅರ್ಧ ನನಗೆ ಕೊಟ್ಟಳು; ಅಷ್ಟೇ ಸಂಬಂಧ ಉಳಿದಿತ್ತು. ಸ್ಲೋ ಲೋಕಲ್ ಬಂತು, ಅದೃಷ್ಟಕ್ಕೆ ಇಬ್ಬರಿಗೂ ಕೂಡಲು ಜಾಗ ಸಿಕ್ಕಿತು. ನಾನು ಅಲ್ಲೇ ಪ್ರಾಯಶ್ಚಿತ್ತ ನಿಶ್ಚಯಿಸಿದೆ. ವಿಕ್ರೋಲಿ ಬಂತು, ಏಳಲಿಲ್ಲ. ಕಾಂಜೂರ್‌ಮಾರ್ಗ ಬಂತು, ಸೀಟಿನ ಅಂಚು ಹಿಡಿದು ಕೂತೆ. ನೇಹಾ ಅರ್ಧ ಎದ್ದವಳು ನನ್ನನ್ನು ನೋಡಿ ಮತ್ತೆ ಕೂತಳು.

"ಪಪ್ಪಾ, ಉಠನಾ ನಹೀ ಹೈ?"

"ಗಾಡಿ ನಿಂದರ್ಲಿ. ಪೂರ್ತಿ ನಿಂತ ಮ್ಯಾಲೆ ಏಳ್ತೀನಿ."

ಭಾಂಡುಪ್ ಬಂತು. ಗಾಡಿ ಪೂರ್ತಿ ನಿಂತಿತು. ನಾನು ಗಂಭೀರವಾಗಿ ಎದ್ದೆ. ಹತ್ತುವವರ ಅಲೆ ಎದುರಿನಿಂದ ಬಂದು ಅಪ್ಪ ಮಗಳಿಬ್ಬರನ್ನೂ ಆಚೆಯ ಬಾಗಿಲಿಗೆ ಒತ್ತಿ ನಿಲ್ಲಿಸಿತು. ನಮ್ಮ ಭಾಂಡುಪ್ ಕಣ್ಣೆದುರೇ ಹಿಂದಕ್ಕೆ ಸರಿದು ಹೋಯಿತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನಾನು ಊರಿನಿಂದ ಬಂದ ನೆಂಟನಾಗಿದ್ದೆ. ನೇಹಾ ಮೊದಲು ಕಣ್ಣರಳಿಸಿದಳು, ಆಮೇಲೆ ತುಟಿ ಕಚ್ಚಿದಳು, ನಾಹೂರಿನ ಪ್ಲಾಟ್‌ಫಾರ್ಮಿಗೆ ಇಳಿಯುವ ಹೊತ್ತಿಗೆ ಕಂಬ ಹಿಡಿದುಕೊಂಡು ನಗುತ್ತಿದ್ದಳು.

ಭಾನುವಾರದ ನಾಹೂರಿನಲ್ಲಿ ಜನ ಕಡಿಮೆ. ಸೇತುವೆ ದಾಟಿ ಭಾಂಡುಪ್ ಕಡೆಯ ಪ್ಲಾಟ್‌ಫಾರ್ಮಿಗೆ ಬಂದೆವು. ಧೈರ್ಯ ಮಾಡಿ, "ಆ ಗೋಲು ಮೊಬೈಲಿನಾಗ ತೋರಸ್ತೀ?" ಎಂದೆ.

"ಮೊಬೈಲ್ ನಹೀ. ಇಲ್ಲಿ ನಿಲ್ಲು." ನನ್ನನ್ನು ಬೆಂಚಿಗೂ ಕಂಬಕ್ಕೂ ನಡುವೆ ನಿಲ್ಲಿಸಿದಳು. "ನೀ ಗೋಲ್‌ಕೀಪರ್." ನನ್ನ ಕೈಯಲ್ಲಿದ್ದ ಖಾಲಿ ಬಾಟಲಿಯನ್ನು ತೆಗೆದುಕೊಂಡು ಮೇಲಕ್ಕೆ ಎಸೆದು, ಜಿಗಿದು, ಹಣೆಯಿಂದ ಹೊಡೆದಳು. ಅದು ನನ್ನ ಕೈ ತಪ್ಪಿಸಿ ಬೆಂಚಿನ ಕೆಳಗೆ ಹೋಯಿತು. ಕಾರ್ನರಿನಿಂದ ಬಂದದ್ದು ಹೀಗೆ ಬಿತ್ತು ಎಂದಳು. ನಾನು ಬಾಟಲಿ ಹೆಕ್ಕಿ ಕಸದ ಡಬ್ಬಿಯ ಕಡೆ ಹೊರಟೆ.

"ರುಕೋ," ಎಂದಳು. ಬಾಟಲಿ ಇಸಿದುಕೊಂಡು, ಈ ಸಲ ನೆಲದ ಮೇಲೆ ಇಟ್ಟಳು. ನಾಲ್ಕು ಹೆಜ್ಜೆ ಹಿಂದೆ ಹೋದಳು. "ಇದು ನಂದು. ಎಂಟನೇ ಕ್ಲಾಸಿಂದು."

ಆಗ ಗಾಡಿ ಬಂತು. ಭಾಂಡುಪ್ ಕಡೆಯದು, ಖಾಲಿ, ಕಿಟಕಿಯ ಸೀಟುಗಳು ಸಹ ಖಾಲಿ. ಬಾಗಿಲು ನೇರ ನನ್ನ ಬೆನ್ನ ಹಿಂದೆ ಬಂದು ನಿಂತಿತು. ಮುಂಬಯಿಯಲ್ಲಿ ಇಂಥ ಗಾಡಿಯನ್ನು ಬಿಟ್ಟವನ ಹೆಸರು ನಾನಂತೂ ಕೇಳಿಲ್ಲ. ನಾನು ತಿರುಗಿ ನೋಡಲಿಲ್ಲ. ಮೊಣಕಾಲು ಬಗ್ಗಿಸಿ, ಎರಡೂ ಕೈ ಅಗಲಿಸಿ ನಿಂತೆ. ಗಾಡಿ ಹಾರ್ನ್ ಹೊಡೆದು ಹೊರಟುಹೋಯಿತು.

ಅವಳು ಹೊಡೆದದ್ದು ಎಡಗಾಲಿನಿಂದ. ಏಳು ವರ್ಷ ಅದು ನನಗೆ ಗೊತ್ತಿರಲಿಲ್ಲ.