ಗಂಜಿ ಕುಡಿದ ಮಲ್ಲಿಗೆ

ನಾರಾಯಣಪೇಟೆಯ ನಮ್ಮ ಓಣಿಗೆ ಬೇಸಿಗೆ ಬಂತೆಂದು ಮೊದಲು ಹೇಳುವುದು ಪಂಚಾಂಗವಲ್ಲ, ಸುಗುಣಮ್ಮನ ಹಿತ್ತಲು. ಬೇವಿನೆಲೆ ಉದುರುತ್ತದೆ, ಬಚ್ಚಲ ನೀರಿನ ಕೆಸರಿಗೆ ಗುಬ್ಬಿಗಳು ಜಗಳವಾಡುತ್ತವೆ, ಮಲ್ಲಿಗೆ ಮೊಗ್ಗು ಹಿಡಿಯುತ್ತದೆ. ಆ ಮಲ್ಲಿಗೆಯ ತಂಟೆಗೆ ಹೋದರೆ ಸುಗುಣಮ್ಮ ಯಾರನ್ನೂ ಬಿಡುವವಳಲ್ಲ. ಮಕ್ತಲದ ತವರಿನಲ್ಲಿ ತಾಯಿ ಸಾಕಿದ ಗಿಡದ ತುಂಡು ಅದು. ತಾಯಿ ಹೋದಮೇಲೆ ಅಣ್ಣ ಆ ಅಂಗಳಕ್ಕೆ ಸಿಮೆಂಟು ಹಾಕಿಸಿದ. ತವರು ಅಂತ ಅವಳಿಗೆ ಉಳಿದದ್ದು ಇದೊಂದೇ.

ಗಂಡ ಶಿವಯ್ಯ ಕುಣಿಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಸೀರೆ ನೇಯುತ್ತಾನೆ. ಬಿಸಿಲೇರಿದರೆ ನೂಲು ಒಣಗಿ ಪಟಪಟ ಹರಿಯುತ್ತದೆ. ಕುಣಿಯ ಮರಳಿಗೆ ನೀರು ಸುರಿದು ತಂಪು ಮಾಡಬೇಕು. ಈ ಸಲ ನಲ್ಲಿ ಬೇಗನೆ ಕೈಕೊಟ್ಟಿತು. ಬಂದಷ್ಟು ನೀರು ಅಡುಗೆಗೆ, ಮಗ್ಗಕ್ಕೆ. ಗಿಡಕ್ಕೆ? ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ಸುಗುಣಮ್ಮ ಬುಡಕ್ಕೆ ಸುರಿಯತೊಡಗಿದಳು. ಗಂಜಿ ಮನುಷ್ಯರನ್ನೇ ಬದುಕಿಸುತ್ತದೆ, ಗಿಡವನ್ನು ಬದುಕಿಸದೇ? ನೇಕಾರರ ಮನೆಯ ಬುದ್ಧಿ, ನೋಡಿ.

ಹಿಂದೆಂದೂ ಕಾಣದಷ್ಟು ಮೊಗ್ಗು ಬಂತು. ಸುಗುಣಮ್ಮ ಹಿಗ್ಗಿ ಹೀರೇಕಾಯಿಯಾದಳು. ಓಣಿಗೆ ಕುರಿಗೊಬ್ಬರ ಮಾರಲು ಬಂದ ಮೈಲಮ್ಮ ಬುಡಕ್ಕೆ ಕುಡುಗೋಲಿನ ತುದಿ ಊರಿದಳು. ಅದು ಇಳಿಯಲೇ ಇಲ್ಲ.

"ಏನ್ ಹಾಕಿದಿ ಇದಕ್ಕ?"

"ಗಂಜಿ, ಅಕ್ಕ."

"ನೂಲು ಬಿರುಸಾದಂಗ ಮಣ್ಣೂ ಬಿರುಸಾಗೈತಲ್ಲ ಸುಗುಣವ್ವ. ನೀರು ಇಳಿಯಾಕ ಜಾಗ ಎಲ್ಲೈತಿ? ಸಾಯೋ ಗಿಡ ಹಿಂಗ ಮೊಗ್ಗು ಬಿಡತೈತಿ."

"ಒಂದು ಟೊಂಗಿ ಮುರದು ಬ್ಯಾರೆ ಕಡೆ ನಟ್ಟರ?"

"ಈ ಬಿಸಲಾಗ ಯಾವ ಟೊಂಗಿ ಹತ್ತತೈತಿ? ಮಣ್ಣು ಕೆದರಿ, ಇವತ್ತಽ ಒಂದು ಕೊಡ ನೀರು ಹಾಕು. ಉಳದರ ಉಳೀತು."

ಸುಗುಣಮ್ಮ ಕೈಯುಗುರು ಮುರಿಯುವಂತೆ ಮಣ್ಣು ಕೆದರಿದಳು. ಮನೆಯಲ್ಲಿ ಉಳಿದಿದ್ದ ಒಂದೇ ಕೊಡ ನೀರನ್ನೆತ್ತಿಕೊಂಡು ಹಿತ್ತಲಿಗೆ ಬಂದಳು. ಅಷ್ಟರಲ್ಲಿ ಒಳಗೆ ಲಾಳಿಯ ಸದ್ದು ನಿಂತಿತು.

"ಮತ್ತ ಎಳಿ ಹರೀತು. ನೀರು ತಾ, ಸುಗುಣಾ," ಎಂದ ಶಿವಯ್ಯ.

ಅವನು ಕೇಳಿದ್ದರಲ್ಲಿ ತಪ್ಪಿಲ್ಲ, ಅದೇ ಸಂಕಟ. ಬೈಯೋಣವೆಂದರೆ ಯಾರನ್ನು ಬೈಯುವುದು? ಅರ್ಧರ್ಧ ಹಾಕಿದರೆ ಎರಡೂ ಕೆಡುತ್ತವೆ. ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಗಿಡದ ಮುಂದೆ ತುಸು ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ ಕುಣಿಗೆ ಸುರಿದಳು.

ಸಂಜೆ ಮೊಗ್ಗೆಲ್ಲ ಒಮ್ಮೆಗೇ ಅರಳಿತು. ಎಳೆ ಹರಿಯದೆ ಲಾಳಿ ಸಲೀಸಾಗಿ ಓಡುತ್ತಿತ್ತು. ಘಮ ಮಗ್ಗದವರೆಗೂ ಬಂತು.

"ಈ ವರ್ಷ ನಿಮ್ಮವ್ವನ ಮಲ್ಲಿಗಿ ಭಾಳ ಚಲೋ ಬಂದೈತಿ ನೋಡು," ಎಂದ ಶಿವಯ್ಯ.

"ಹೌದ್ರಿ," ಎಂದಳು ಸುಗುಣಮ್ಮ.