ಹೋರಿ ಮಾರಿ, ನನ್ನ ಕಾಯಿನ್

ಪೂಜಿಗೆ ಕರಿಯೋರು ಕಮ್ಮಿ ಆದ ಮ್ಯಾಲ ನಾ ಮೊಬೈಲಿನ್ಯಾಗ ದಿನಾ ರಾಶಿಭವಿಷ್ಯ ಬರದು ಹಾಕ್ಲಿಕ್ಕೆ ಹತ್ತಿದೆ. ಪೋಸ್ಟಿಗೆ ಇಷ್ಟು ಅಂತ ಕ್ರಿಪ್ಟೋ ಕಾಯಿನ್ ಕೊಡೋ ಆ್ಯಪ್ ಅದು. ಆದ್ರ ಕಾಯಿನ್ ಕೈಗೆ ಬರ್ಬೇಕಂದ್ರ ನಾ ಮನುಷ್ಯಾನೇ ಅಂತ ಕ್ಯಾಮೆರಾಕ್ಕ ಮಾರಿ ತೋರಸ್ಬೇಕು; ಮೊದಲ ಸಲ ತೋರಿಸಿದ ಮಾರೀನೇ ಕಾಯಂ.

ದೇವಣಿ ಊರಿಗೆ ಶಾಂತಾಬಾಯಿ ಮನಿ ಪೂಜಿಗೆ ಹೋದಾಗ, ಅಂಗಳದಾಗ ಬೆಳಕು ಚಲೋ ಅದ ಅಂತ ಮೊಬೈಲ್ ಎತ್ತಿ ಹಿಡದೆ. ಅಷ್ಟರಾಗ ಆಕಿ ಹೋರಿ ಬಾಜೂಕ ಬಂದು ನಿಂತಿತು. ಬಸವಣ್ಣ ಎದುರು ಬಂದ್ರ ಶರಣು ಮಾಡೋದು ನಮ್ಮ ರೂಢಿ. ಮೊಬೈಲ್ ಎತ್ತಿದ ಕೈ ಇಳಸದೇ ಬಗ್ಗಿ ಇನ್ನೊಂದು ಕೈಲೆ ಅದರ ಕಾಲು ಮುಟ್ಟಿದೆ. ನನ್ನ ಮಾರಿ ಇದ್ದ ಜಾಗಾಕ್ಕ ಅದು ತನ್ನ ಮಾರಿ ತಂದಿತು.

ಮೊಬೈಲ್ ಟಣ್ ಅಂತು: ‘ಅಭಿನಂದನೆಗಳು, ನೀವು ಮನುಷ್ಯರೇ!’

ಗಾಬರಿಯಾಗಿ ನನ್ನ ಮಾರಿ ತೋರಿಸಿದೆ. ‘ಇವರು ಬೇರೆಯವರು’ ಅಂತು.

ಶಾಂತಾಬಾಯಿ ಸೆರಗಿನಿಂದ ಹೋರಿ ಮಾರಿ ವರಸಿದ್ಲು. “ಅರ್ಧಾ ಹಿಸ್ಸಾ ನಮ್ಮದು ನೋಡ್ರಿ, ಅಯ್ನೋರ.”

“ಬರದಂವಾ ನಾ ಅಲ್ಲೇನವ್ವಾ?”

“ಮಾರಿ ನಿಮ್ಮದಲ್ಲಲ್ರೀ.”

ಈಗ ಕಾಯಿನ್ ಬೇಕಂದ್ರ ನಮ್ಮೂರು ಉಮರ್ಗಾದಿಂದ ಹಿಂಡಿ ಹೊತ್ಕೊಂಡು ದೇವಣಿ ಬಸ್ ಹತ್ತತೀನಿ. ಹಿಂಡಿ ಕಾಣದೇ ಹೋರಿ ಮಾರಿ ಎತ್ತಂಗಿಲ್ಲ. ಉಳದ ರಾಶಿಗೆ ಏನರೆ ಆಗಲಿ, ವೃಷಭ ರಾಶಿಗೆ ಮಾತ್ರ ದಿನಾ ಧನಲಾಭ ಅಂತ ಬರೀತೀನಿ.